ಮಸಿಯಕ್ಕನ ಹರಳು

ವಜ್ರಕ್ಕೆ ವಜ್ರವಾಗಿರಲು ಇಷ್ಟವಿಲ್ಲ. ಇದು ನನ್ನ ಮಾತಲ್ಲ, ನಮ್ಮ ಕಾರ್ಖಾನೆಯ ಸಾಣೆ ಮಾಮನ ಮಾತು. ಹರಳಿಗೆ ಸಾಣೆ ಹಿಡಿಯುತ್ತಲೇ ಕಣ್ಣು ಸವೆಸಿಕೊಂಡ ಮನುಷ್ಯ ಅವನು. ಯಾರಾದರೂ ಹೊಸಬರು ಕೆಲಸಕ್ಕೆ ಸೇರಿದರೆ ಸಾಕು, ಒಂದು ಕೈಯಲ್ಲಿ ಪೆನ್ಸಿಲಿನ ಕಡ್ಡಿ, ಇನ್ನೊಂದು ಕೈಯಲ್ಲಿ ಹರಳು ಹಿಡಿದು ಶುರು ಹಚ್ಚುತ್ತಾನೆ.

"ಇವೆರಡೂ ಒಂದೇ ತಾಯಿ ಮಕ್ಕಳು. ಎರಡರಲ್ಲೂ ಇರೋದು ಬರೀ ಇಂಗಾಲ. ಈ ಕಡ್ಡೀಲಿ ಕಣಗಳೆಲ್ಲ ಹಾಳೆ ಹಾಳೆಯಾಗಿ ಮಲಗಿವೆ. ಹಾಳೆ ಮೇಲೆ ಹಾಳೆ ಜಾರುತ್ತೆ, ಅದಕ್ಕೇ ಕಾಗದಕ್ಕೆ ಅಂಟ್ಕೊಳ್ಳುತ್ತೆ. ಈ ಹರಳಲ್ಲಿ ಒಂದೊಂದು ಕಣಾನೂ ನಾಲ್ಕು ಕಡೆಯಿಂದ ನಾಲ್ಕು ಜನ ಹಿಡ್ಕೊಂಡಿದಾರೆ, ಅಲ್ಲಾಡೋ ಹಾಗಿಲ್ಲ. ಬಿಟ್ರೆ ಇದೂ ಮಲಗೋದೇ. ಆದ್ರೆ ಬಿಡೋರು ಯಾರು?"

ಮಾತು ನಿಜವೇ. ವಜ್ರ ತಾನಾಗಿ ಆ ಪೆನ್ಸಿಲ್ ಕಡ್ಡಿಯ ಗ್ರಾಫೈಟಿನ ಕಡೆಗೇ ಹೊರಟಿರುತ್ತದೆ. ಅದು ಹೋಗಿ ಮುಟ್ಟುವಷ್ಟರಲ್ಲಿ ಭೂಮಿಗೇ ವಯಸ್ಸಾಗಿ ಮುಗಿದುಹೋಗಿರುತ್ತದೆ ಅಷ್ಟೆ. ಹಾಗಾಗಿ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ನಾನೂ ಕೆಡಿಸಿಕೊಂಡಿರಲಿಲ್ಲ, ನಮ್ಮಕ್ಕನ ಹರಳು ಅಮ್ಮನ ಬೆರಳಿಗೆ ಏರುವವರೆಗೆ.

ನಮ್ಮ ಕಾರ್ಖಾನೆಯಲ್ಲಿ ಹರಳಾಗುವುದು ಸತ್ತವರ ಕೂದಲು. ಮನೆಯವರು ಜಡೆಯನ್ನೋ ಒಂದು ಕುಚ್ಚನ್ನೋ ಕಾಗದದಲ್ಲಿ ಸುತ್ತಿ ತರುತ್ತಾರೆ. ಗಾಳಿ ಆಡದ ಪಾತ್ರೆಯಲ್ಲಿ ಕಾಯಿಸಿದರೆ ಅದು ಉರಿದುಹೋಗುವುದಿಲ್ಲ, ಇದ್ದಿಲಾಗುತ್ತದೆ. ಇದ್ದಿಲಿಗೆ ಶಿಸ್ತಿಲ್ಲ. ಅದರ ಕಣಗಳು ಸಂತೆಯ ಜನರ ಹಾಗೆ ಎಲ್ಲೆಂದರಲ್ಲಿ ನಿಂತಿರುತ್ತವೆ, ಮೈತುಂಬ ತೂತು, ಹತ್ತಿರ ಸುಳಿದ ವಾಸನೆಯನ್ನೆಲ್ಲ ಹೀರಿಕೊಂಡು ಸುಮ್ಮನಿರುತ್ತದೆ. ಅದನ್ನೇ ದೊಡ್ಡ ಕುಲುಮೆಯಲ್ಲಿ ಬೆಳ್ಳಗೆ ಕಾಯಿಸಿದಾಗ ಸಾಲು ಹಿಡಿದು ನಿಂತು ಗ್ರಾಫೈಟ್ ಆಗುತ್ತದೆ. ಆ ಪುಡಿಯನ್ನು ಕಲ್ಲಿನ ಪುಟ್ಟ ಗೂಡೊಂದರಲ್ಲಿ ತುಂಬಿ, ಜೊತೆಗೆ ಲೋಹದ ಬಿಲ್ಲೆ ಮತ್ತು ಸಾಸಿವೆಗಿಂತ ಚಿಕ್ಕದಾದ ಒಂದು ಬೀಜಹರಳನ್ನು ಇಟ್ಟು ಪ್ರೆಸ್ ಎಂಬ ಒತ್ತುವ ಯಂತ್ರಕ್ಕೆ ಕೊಡುವುದು ನನ್ನ ಕೆಲಸ. ಬೆಟ್ಟವನ್ನೇ ಹೊರಿಸಿದಂಥ ಭಾರ, ಒಳಗೆ ಕುಲುಮೆಯ ಕಾವು. ದಿನಗಟ್ಟಲೆ ಹಾಗೇ ಬಿಟ್ಟರೆ ಒಳಗಿನದು ಬೇರೆ ದಾರಿಯಿಲ್ಲದೆ ವಜ್ರವಾಗುತ್ತದೆ.

ಪ್ರೆಸ್ಸಿನ ಬಾಯಿ ಮುಚ್ಚುವ ಮೊದಲು ಒಂದು ಕ್ರಮವಿದೆ, ನಾವು ಅದನ್ನು ಕೂಗು ಎನ್ನುತ್ತೇವೆ. ಒಬ್ಬರು ಚೀಟಿಯ ಮೇಲಿನ ಹೆಸರನ್ನು ಜೋರಾಗಿ ಕೂಗಬೇಕು, ಇನ್ನೊಬ್ಬರು ಗೂಡಿನ ಮೇಲೆ ಕೆತ್ತಿದ ಹೆಸರನ್ನು ನೋಡಿ "ಸರಿ" ಎನ್ನಬೇಕು. ಒಬ್ಬರ ಗಂಡ ಇನ್ನೊಬ್ಬರ ಕಿವಿಗೆ ಓಲೆಯಾಗಿ ಹೋಗಬಾರದಲ್ಲ, ಅದಕ್ಕೆ. ಇನ್ನೊಂದು ಕ್ರಮವೂ ಇದೆ. ತಮ್ಮ ಮನೆಯವರ ಗೂಡನ್ನು ಯಾರೂ ತಾವೇ ಮುಟ್ಟಬಾರದು. ಯಾಕೆ ಎಂದು ನಾನು ಕೇಳಿರಲಿಲ್ಲ. ಕೈ ನಡುಗುತ್ತದೆ ಎಂದಿರಬೇಕು ಅಂದುಕೊಂಡಿದ್ದೆ.

ನನ್ನ ಅಕ್ಕ ಪೆನ್ಸಿಲಿನವಳು. ಎಂಜಿನಿಯರೊಬ್ಬರ ಆಫೀಸಿನಲ್ಲಿ ಮನೆಗಳ ನಕ್ಷೆ ಬರೆಯುತ್ತಿದ್ದಳು. ಎಡಚಿ. ಚಿಕ್ಕವಳಿದ್ದಾಗ ಅಮ್ಮ ಅವಳ ಎಡಗೈಯನ್ನು ಲಂಗದ ಲಾಡಿಗೆ ಕಟ್ಟಿ ಬಲಗೈ ರೂಢಿ ಮಾಡಿಸಲು ನೋಡಿ ಸೋತಿದ್ದಳು. ಎಡಗೈಯಲ್ಲಿ ಬರೆಯುವವರ ಕೈ ತಾವೇ ಬರೆದದ್ದರ ಮೇಲೆ ಉಜ್ಜಿಕೊಂಡು ಹೋಗುತ್ತದೆ. ಹಾಗಾಗಿ ಅಕ್ಕನ ಎಡಗೈಯ ಅಂಚು, ಕಿರುಬೆರಳಿನಿಂದ ಮಣಿಕಟ್ಟಿನವರೆಗೆ, ಯಾವಾಗಲೂ ಬೂದುಬಣ್ಣಕ್ಕೆ ಮಿರಮಿರ ಮಿನುಗುತ್ತಿತ್ತು. ಸೋಪು ಹಾಕಿ ತಿಕ್ಕಿದರೂ ಪೂರ್ತಿ ಹೋಗುತ್ತಿರಲಿಲ್ಲ. ಮನೆಯಲ್ಲಿ ಅವಳ ಹೆಸರೇ ಮಸಿ ಎಂದಾಯಿತು. "ಮಸೀ, ಊಟಕ್ಕೆ ಬಾರೇ" ಎಂದು ಅಮ್ಮ ಕೂಗಿದರೆ ಒಳಗಿನಿಂದ "ಬಂದೆ, ಬಂದೆ" ಎಂಬ ಉತ್ತರ ಬರುತ್ತಿತ್ತು, ಆಸಾಮಿ ಬರುತ್ತಿರಲಿಲ್ಲ. ಹಿಡಿದ ಗೆರೆ ಮುಗಿಸದೆ ಏಳುವ ಪೈಕಿಯಲ್ಲ ಅವಳು.

ನಮ್ಮ ಮುಂಬಾಗಿಲಿನ ಚಿಲಕ ಎಳೆದರೆ ಬೀದಿಯ ಕೊನೆಯ ನಾಯಿಯೂ ಎದ್ದು ಕೂರುವಷ್ಟು ಕಿರುಗುಟ್ಟುತ್ತದೆ. ಅಮ್ಮನಿಗೆ ಅದು ಹಾಗೇ ಇರಬೇಕಿತ್ತು. ಯಾರು ಯಾವಾಗ ಬಂದರು, ಹೋದರು, ಎಲ್ಲ ಕೂತಲ್ಲೇ ಗೊತ್ತಾಗುತ್ತಿತ್ತು. ಮಸಿ ಪೆನ್ಸಿಲಿನ ಸೀಸ ಅರೆದು ಚಿಲಕಕ್ಕೆ ಹಚ್ಚುತ್ತಿದ್ದಳು. ಅದೂ ಗ್ರಾಫೈಟೇ ತಾನೇ, ಹಾಳೆ ಮೇಲೆ ಹಾಳೆ ಜಾರಿ ಚಿಲಕ ಬೆಣ್ಣೆಯ ಹಾಗೆ ಸರಿಯುತ್ತಿತ್ತು. ಅಮ್ಮ ಅದನ್ನು ಕಂಡುಹಿಡಿದು ಸೋಪಿನ ನೀರಲ್ಲಿ ತೊಳೆದು ಮತ್ತೆ ಕಿರುಗುಟ್ಟಿಸುತ್ತಿದ್ದಳು. ಇವಳು ಹಚ್ಚುವುದು, ಅವಳು ತೊಳೆಯುವುದು. ಬಾಯಿಬಿಟ್ಟು ಜಗಳವಾಡದೆ ಇಬ್ಬರೂ ವರ್ಷಗಟ್ಟಲೆ ಹೀಗೇ ನಡೆಸಿದರು. ನನಗೆ ಇಬ್ಬರ ಮೇಲೂ ಸಿಟ್ಟು ಬರುತ್ತಿತ್ತು.

ಬಾಯಿಬಿಟ್ಟು ಜಗಳವಾದದ್ದು ಒಂದೇ ಸಲ. ಊಟಕ್ಕೆ ಕೂತಾಗ ಮಸಿ, ತಾನೊಂದು ಬಾಡಿಗೆ ಕೋಣೆ ನೋಡಿದ್ದೇನೆ, ಒಬ್ಬಳೇ ಇರುತ್ತೇನೆ ಎಂದಳು. ಆಫೀಸಿನ ಹತ್ತಿರ, ಮಹಡಿಯ ಮೇಲೆ, ಉದ್ದನೆಯ ಕಿಟಕಿ ಇದೆಯಂತೆ.

"ನನ್ನ ಹೆಣ ದಾಟಿಕೊಂಡು ಹೋಗು" ಎಂದಳು ಅಮ್ಮ.

"ಭಾನುವಾರಕ್ಕೊಂದು ಸಲ ಬರ್ತೀನಮ್ಮ. ನಗ್ತಾ ಹೋಗಿ ಬಾ ಅನ್ನು, ಸಾಕು."

ಅಮ್ಮ ಅನ್ನಲಿಲ್ಲ. ಮಸಿ ಕೈ ತೊಳೆದು ಎದ್ದು ಹೋದಳು. ಆಮೇಲೆ ಜ್ವರ ಬಂತು, ನೆತ್ತಿಗೇರಿತು, ವಾರ ತುಂಬುವುದರೊಳಗೆ ಮಸಿ ಇಲ್ಲವಾದಳು. ದಾಟಿಕೊಂಡು ಹೋಗಲು ಹೆಣ ಸಿಕ್ಕಿತು, ಆದರೆ ಅದು ಅವಳದೇ ಆಗಿತ್ತು. ನನಗೆ ಈ ಮಾತನ್ನು ಈಗಲೂ ಸಮಾಧಾನವಾಗಿ ಹೇಳಲು ಬರುವುದಿಲ್ಲ.

ಅಮ್ಮ ಅಳಲಿಲ್ಲ, ಹಟ ಹಿಡಿದಳು. ಮಗಳ ಜಡೆಯನ್ನು ನನ್ನ ಮಡಿಲಿಗೆ ಹಾಕಿ, "ಊರವರ ಮಕ್ಕಳನ್ನೆಲ್ಲ ಹರಳು ಮಾಡಿ ಕೊಡ್ತೀಯ. ನನ್ನ ಮಗಳನ್ನ ನನ್ನ ಕೈಗೆ ಕೊಡು. ಬೇರೆ ಯಾರ ಕೈಯೂ ತಾಗಬಾರದು" ಎಂದಳು. ಅನ್ನ ಬಿಟ್ಟಳು, ಹಾಸಿಗೆ ಹಿಡಿದಳು. ಒಬ್ಬಳನ್ನು ಕಳೆದುಕೊಂಡಾಗಿತ್ತು, ಇನ್ನೊಬ್ಬಳನ್ನೂ ಕಳೆದುಕೊಳ್ಳುವ ಧೈರ್ಯ ನನಗಿರಲಿಲ್ಲ. ಕ್ರಮವನ್ನು ಮೂಲೆಗಿಟ್ಟು ಮಸಿಯ ಜಡೆಯನ್ನು ನಾನೇ ಇದ್ದಿಲು ಮಾಡಿದೆ, ನಾನೇ ಕುಲುಮೆಗಿಟ್ಟೆ. ಹೊರಬಂದ ಪುಡಿಯನ್ನು ಬೆರಳಲ್ಲಿ ಮುಟ್ಟಿದಾಗ ಕಣ್ಣು ತುಂಬಿ ಬಂತು. ಅವಳ ಕೈಯಂಚಿನ ಬಣ್ಣವೇ ಅದು.

ಕೂಗಿಗೆ ಸಾಣೆ ಮಾಮ ಜೊತೆಗಿದ್ದ. ಗೂಡು ಅವನ ಕೈಯಲ್ಲಿ, ಚೀಟಿ ನನ್ನ ಕೈಯಲ್ಲಿ. ಚೀಟಿಯಲ್ಲಿದ್ದದ್ದು ಅವಳ ಶಾಲೆಯ ಹೆಸರು, ಮನೆಯಲ್ಲಿ ಯಾರೂ ಬಳಸದ ಹೆಸರು. ನಾನು ಬಾಯಿ ತೆರೆದೆ, ರೂಢಿಯ ನಾಲಿಗೆ, ಬೇರೆಯದೇ ಹೊರಬಂತು.

"ಮಸೀ."

"ಬಂದೆ, ಬಂದೆ."

ನನಗೆ ರೇಗಿತು. "ಮಾಮ, ಇದೇನಾ ತಮಾಷೆ ಮಾಡೋ ಹೊತ್ತು?" ಎಂದೆ. ಸಾಣೆ ಮಾಮ ಗೂಡನ್ನು ಅಂಗೈಯಲ್ಲಿ ಹಿಡಿದುಕೊಂಡು ನನ್ನನ್ನೇ ನೋಡುತ್ತಿದ್ದ.

"ನಾನು ಬಾಯೇ ಬಿಡಲಿಲ್ಲ ಕಣಮ್ಮ" ಎಂದ.

ಪ್ರೆಸ್ಸಿನ ಪಂಪು ಗೊರಗೊರ ಅನ್ನುತ್ತಿತ್ತು, ಅದರ ಸದ್ದೇ ಇರಬೇಕು ಎಂದು ಇಬ್ಬರೂ ಮಾತಾಡದೆ ಒಪ್ಪಿಕೊಂಡೆವು. ಗೂಡನ್ನು ಒಳಗಿಟ್ಟು ಬಾಯಿ ಮುಚ್ಚಿದೆ. ಭಾರ ಏರತೊಡಗಿತು.

ಹರಳು ಚೆನ್ನಾಗಿಯೇ ಬಂತು. ನಮ್ಮ ಹರಳುಗಳೆಲ್ಲ ಹಾಗೆಯೇ ಸ್ವಲ್ಪ ಹಳದಿ, ನಿಂಬೆಸಿಪ್ಪೆಯ ನೀರಿನ ಹಾಗೆ. ಸಾಣೆ ಮಾಮ ಸಾಣೆ ಹಿಡಿದು ಅದಕ್ಕೆ ಹೊಳೆಯುವ ಮುಖಗಳನ್ನು ಕೊಟ್ಟ, ಉಂಗುರಕ್ಕೆ ಕೂರಿಸಿದೆವು. ಬೆಳ್ಳಿಯ ನಾಲ್ಕು ಪುಟ್ಟ ಕಾಲುಗಳು ಅದನ್ನು ಗಟ್ಟಿಯಾಗಿ ಅಪ್ಪಿ ಹಿಡಿದವು. ಅಮ್ಮನ ಬಲಗೈಯ ಗೆಣ್ಣುಗಳು ಊದಿಕೊಂಡಿದ್ದರಿಂದ ಎಡಗೈಗೆ ತೊಡಿಸಿದೆ. ಅಮ್ಮ ಅದನ್ನು ತುಟಿಗೆ ಒತ್ತಿಕೊಂಡು, "ಅಯ್ಯೋ, ಎಷ್ಟು ತಣ್ಣಗಿದಾಳೆ" ಎಂದಳು. ವಜ್ರ ಮೈಯ ಶಾಖವನ್ನು ಸೆಳೆದುಕೊಂಡುಬಿಡುತ್ತದೆ, ಅದಕ್ಕೇ ತಣ್ಣಗನ್ನಿಸುತ್ತದೆ ಎಂದು ವಿವರಿಸಲು ಹೋದೆ. ಅವಳು ಕಿವಿಗೇ ಹಾಕಿಕೊಳ್ಳಲಿಲ್ಲ. ಅವತ್ತು ಎದ್ದು ಕೂತು ತಟ್ಟೆತುಂಬ ಊಟ ಮಾಡಿದಳು. ನನಗೆ ಅಷ್ಟೇ ಬೇಕಿತ್ತು.

ಅಮ್ಮ ಹಗಲೆಲ್ಲ ಹರಳಿನ ಜೊತೆ ಮಾತಾಡತೊಡಗಿದಳು. "ಇನ್ನೆಲ್ಲಿಗೆ ಹೋಗ್ತೀಯ, ಹೇಳು ನೋಡೋಣ" ಎಂದು ನಗುತ್ತಿದ್ದಳು. ಆ ನಗು ನನಗೆ ಹಿಡಿಸುತ್ತಿರಲಿಲ್ಲ. ಆದರೆ ಊಟ ಮಾಡುವ ತಾಯಿಯನ್ನು ಯಾರು ಬೈಯುತ್ತಾರೆ?

ಮೊದಲು ಕಂಡದ್ದು ಕೈ. ಅಮ್ಮನಿಗೆ ಔಷಧಿ ಕೊಡುವಾಗ ನೋಡಿದೆ, ಎಡಗೈಯ ಅಂಚು ಬೂದುಬಣ್ಣಕ್ಕೆ ಮಿನುಗುತ್ತಿತ್ತು, ಕಿರುಬೆರಳಿನಿಂದ ಮಣಿಕಟ್ಟಿನವರೆಗೆ. ನನಗೆ ಕೋಪ ಬಂತು. ಮಸಿಯ ಹಳೆಯ ಪೆನ್ಸಿಲುಗಳನ್ನು ಹೊರತೆಗೆದಿರಬೇಕು ಎಂದು ಕಪಾಟು, ಹಾಸಿಗೆ, ದಿಂಬಿನ ಚೀಲ ಎಲ್ಲ ತಡಕಾಡಿದೆ. ಒಂದು ತುಂಡೂ ಸಿಗಲಿಲ್ಲ. "ನಾನ್ಯಾಕೆ ಪೆನ್ಸಿಲ್ ಮುಟ್ಟಲಿ?" ಎಂದು ಅಮ್ಮ ಮುಖ ಊದಿಸಿಕೊಂಡಳು. ಹಾಸಿಗೆ ಸರಿಸಿದಾಗ ಗೋಡೆ ಕಂಡಿತು. ಸುಣ್ಣದ ಮೇಲೆ ನೇರವಾದ ಒಂದು ಕಪ್ಪು ಗೆರೆ, ಅದರ ಕೊನೆಯಿಂದ ಮೂಲೆ ಹಿಡಿದು ತಿರುಗಿದ ಇನ್ನೊಂದು. ಅಳತೆಪಟ್ಟಿಯಿಲ್ಲದೆ ಅಷ್ಟು ನೇರವಾಗಿ ಗೆರೆ ಎಳೆಯಬಲ್ಲ ಒಬ್ಬಳೇ ಒಬ್ಬಳು ನಮ್ಮ ಮನೆಯಲ್ಲಿದ್ದಳು.

ಉಂಗುರವನ್ನು ನೋಡಿದೆ. ಹರಳಿನ ಒಂದು ಮೂಲೆ ಕಪ್ಪಾಗಿತ್ತು. ಬೆಳ್ಳಿಯ ಕಾಲುಗಳು ಹೊರಕ್ಕೆ ಬಾಗಿದ್ದವು, ಒಳಗಿನದು ಉಸಿರೆಳೆದುಕೊಂಡು ಉಬ್ಬಿದ ಹಾಗೆ.

ಅಮ್ಮ ಉಂಗುರ ಬಿಚ್ಚಿಟ್ಟು ಸ್ನಾನಕ್ಕೆ ಹೋದಾಗ ಅದನ್ನು ಕಾರ್ಖಾನೆಗೆ ಒಯ್ದೆ. ಸಾಣೆ ಮಾಮ ಮೊದಲು ಅದರ ಮೇಲೆ ಉಸಿರು ಬಿಟ್ಟ. ವಜ್ರದ ಮೇಲೆ ಕಟ್ಟಿದ ಮಂಜು ಕಣ್ಣು ಮಿಟುಕಿಸುವಷ್ಟರಲ್ಲಿ ಆರಬೇಕು. ಹಳದಿ ಭಾಗದಲ್ಲಿ ಆರಿತು, ಕಪ್ಪು ಮೂಲೆಯಲ್ಲಿ ಮಂಕಾಗಿ ನಿಂತಿತು. ಆಮೇಲೆ ಕರೆಂಟ್ ನೋಡುವ ಮೀಟರಿನ ಎರಡು ವೈರುಗಳ ತುದಿ ತಾಗಿಸಿದ. ವಜ್ರ ಕರೆಂಟನ್ನು ಹತ್ತಿರ ಸೇರಿಸುವುದಿಲ್ಲ. ಹಳದಿಯ ಮೇಲೆ ಮೀಟರು ಸುಮ್ಮನಿತ್ತು. ಕಪ್ಪಿನ ಮೇಲೆ ಇಟ್ಟದ್ದೇ ತಡ, ಕುಂಯ್ ಎಂದು ಕೂಗಿತು. ಇಬ್ಬರೂ ಬೆಚ್ಚಿದೆವು.

"ಮಲಗ್ತಾ ಇದಾಳೆ" ಎಂದ ಸಾಣೆ ಮಾಮ, ಮೆಲ್ಲಗೆ. "ಮಲಗಿದ್ದಕ್ಕೆ ಜಾಗ ಜಾಸ್ತಿ ಬೇಕು. ಅದಕ್ಕೇ ಉಬ್ಬಿರೋದು."

"ಇದು ಆಗೋ ಮಾತಲ್ಲ ಮಾಮ."

"ನೀನು ಮನೆ ಹೆಸರು ಹಿಡಿದು ಕರೆದೆ. ಹೊರಗಿನವರು ಕರೆದ್ರೆ ಹರಳು ಬರುತ್ತೆ. ಮನೆಯವರು ಕರೆದ್ರೆ ಯಾರು ಬರ್ತಾರೆ, ಹೇಳು?" ಅವನು ಉಂಗುರವನ್ನು ಬಟ್ಟೆಯಲ್ಲಿ ಸುತ್ತಿ ನನ್ನ ಕೈಗಿಟ್ಟು, ಕೈ ತೊಳೆದುಕೊಳ್ಳಲು ಹೋದ. ಬಹಳ ಹೊತ್ತು ತೊಳೆದ.

ಮುಂದಿನ ಭಾನುವಾರ ನಾನು ಕಣ್ಣಾರೆ ಕಂಡೆ. ಮಟಮಟ ಮಧ್ಯಾಹ್ನ, ಕಿಟಕಿಯಿಂದ ಬಿಸಿಲು ಹಾಸಿಗೆಯವರೆಗೂ ಬಂದಿತ್ತು. ಅಮ್ಮ ಗೋಡೆಗೆ ಮುಖ ಮಾಡಿ ಕೂತಿದ್ದಳು, ಕಣ್ಣು ಮುಚ್ಚಿತ್ತು, ಗೊರಕೆ ಕೇಳುತ್ತಿತ್ತು. ಎಡಗೈ ಮಾತ್ರ ಎಚ್ಚರವಾಗಿತ್ತು. ಉಂಗುರದ ಹರಳನ್ನು ಗೋಡೆಗೆ ಒತ್ತಿ ಸರ್ರ್, ಸರ್ರ್ ಎಂದು ಗೆರೆ ಎಳೆಯುತ್ತಿತ್ತು. ಹುಟ್ಟಿದಾಗಿನಿಂದ ಎಡಗೈಯಲ್ಲಿ ಒಂದು ಚಮಚವನ್ನೂ ಹಿಡಿಯದ ಹೆಂಗಸು ನಮ್ಮಮ್ಮ.

ಗೆರೆಗಳು ಕೂಡಿ ನಕ್ಷೆಯಾಗಿದ್ದವು. ನಾಲ್ಕು ಗೋಡೆ. ಒಂದು ಗೋಡೆಯಲ್ಲಿ ಉದ್ದನೆಯ ಕಿಟಕಿ. ಕಿಟಕಿಯ ಕೆಳಗೆ ಮೇಜು, ಮೂಲೆಯಲ್ಲಿ ಮಂಚ. ನಾನು ಎಂದೂ ನೋಡದ ಕೋಣೆ, ಆದರೂ ನೋಡಿದ ಕೂಡಲೇ ಗುರುತು ಸಿಕ್ಕಿತು. ನಾನು ಅಮ್ಮನ ಭುಜ ಹಿಡಿದು ಅಲುಗಾಡಿಸಿದೆ.

ಎಚ್ಚರಾದ ಅಮ್ಮ ಹೆದರಲಿಲ್ಲ, ಹಿಗ್ಗಿದಳು. "ನೋಡೇ, ಬರೀತಿದಾಳೆ! ನನಗೆ ಏನೋ ಹೇಳ್ತಿದಾಳೆ!"

"ಅದು ಅವಳು ನೋಡಿಟ್ಟಿದ್ದ ಕೋಣೆ ಅಮ್ಮ."

ಅಮ್ಮ ಗೋಡೆಯ ಹತ್ತಿರಕ್ಕೆ ಜರುಗಿದಳು. ಬೆರಳಿನಿಂದ ಗೆರೆಗಳ ಮೇಲೆಲ್ಲ ಹುಡುಕಿದಳು, ಕತ್ತಲಲ್ಲಿ ಸ್ವಿಚ್ಚು ತಡಕುವವರ ಹಾಗೆ. "ನನ್ನ ಮಂಚ ಎಲ್ಲಿ?" ಎಂದಳು. "ಒಂದೇ ಇದೆಯಲ್ಲ. ನಾನು ಎಲ್ಲಿ ಮಲಗೋದು?"

ನಾನು ಉಂಗುರದ ಕಡೆ ಬೆರಳು ತೋರಿಸಿದೆ. ಅಮ್ಮ ತಿರುಗಿ ನೋಡಿದಳು. ಹರಳು ಅರ್ಧ ಸವೆದುಹೋಗಿತ್ತು, ಉಳಿದದ್ದು ಪೂರ್ತಿ ಕಪ್ಪು. ಅವಳಿಗೆ ಆಗ ಅರ್ಥವಾಯಿತು. ಈ ಕೋಣೆ ಬರೆದು ಮುಗಿಯುವ ಹೊತ್ತಿಗೆ ಮಗಳು ಮುಗಿದಿರುತ್ತಾಳೆ. ಅವಳು ಉಂಗುರ ಕಿತ್ತು ನನ್ನ ಮುಂದೆ ಹಿಡಿದಳು.

"ತಗೊಂಡು ಹೋಗು. ಮತ್ತೆ ಪ್ರೆಸ್ಸಿಗೆ ಹಾಕು. ಈ ಸಲ ಇನ್ನೂ ಜೋರಾಗಿ ಒತ್ತು. ಗಟ್ಟಿಯಾಗ್ಲಿ."

"ಒಲ್ಲೆ."

"ನಾನು ಸಾಯ್ತೀನಿ ಕಣೆ."

"ಸಾಯಿ" ಎಂದುಬಿಟ್ಟೆ. ನಾಲಿಗೆ ಕಚ್ಚಿಕೊಂಡೆ, ಆದರೆ ಮಾತು ವಾಪಸು ತೆಗೆದುಕೊಳ್ಳಲಿಲ್ಲ. "ಬದುಕಿದ್ದಾಗ ಲಾಡಿಗೆ ಕೈ ಕಟ್ಟಿದೆ, ಚಿಲಕ ತೊಳೆದೆ. ಸತ್ತ ಮೇಲೆ ನನ್ನ ಕೈಯಿಂದ ಒತ್ತಿಸಿದೆ. ಇನ್ನೊಂದು ಸಲ ನನ್ನಿಂದ ಆಗಲ್ಲ ಅಮ್ಮ. ಅವಳು ನನ್ನ ಅಕ್ಕ."

ಅಮ್ಮ ಉಂಗುರವನ್ನು ಒಂದು ಸ್ಟೀಲಿನ ಡಬ್ಬಿಯಲ್ಲಿ ಹಾಕಿ, ಮುಚ್ಚಳ ಒತ್ತಿ, ದಿಂಬಿನ ಕೆಳಗಿಟ್ಟುಕೊಂಡಳು. ಗೋಡೆಗೆ ತಾಗದಿದ್ದರೆ ಸವೆಯುವುದಿಲ್ಲ ಎಂಬ ಲೆಕ್ಕ. ಊಟ ಮಾಡಿದಳು, ಆದರೆ ನನ್ನ ಜೊತೆ ಮಾತು ಬಿಟ್ಟಳು.

ಡಬ್ಬಿಯಲ್ಲಿ ಸದ್ದು ಶುರುವಾಯಿತು. ಬೆಳಿಗ್ಗೆ ಸೊಪ್ಪು ಬಿಡಿಸುತ್ತ ಕೂತಿದ್ದಾಗ ಕೇಳಿದೆ. ಸರ್ರ್, ಸರ್ರ್. ಅಮ್ಮನ ಎರಡೂ ಕೈ ಸೊಪ್ಪಿನ ಬುಟ್ಟಿಯಲ್ಲಿದ್ದವು. ಇಬ್ಬರೂ ಕೇಳಿಸದವರ ಹಾಗೆ ಸೊಪ್ಪು ಬಿಡಿಸಿದೆವು. ಮಧ್ಯಾಹ್ನವೂ ಇತ್ತು. ಮಾರನೆಯ ದಿನವೂ ಇತ್ತು. ಮನೆಯಲ್ಲಿ ಇನ್ನೊಬ್ಬರು ಕೂತು ಕೆಲಸ ಮಾಡುತ್ತಿದ್ದಾರೆ, ನಾವು ಸದ್ದು ಮಾಡಬಾರದು ಎಂಬಂತೆ ಮೆಲ್ಲಗೆ ಓಡಾಡತೊಡಗಿದೆವು. ಒಂದು ಸಲ ಅಮ್ಮ ತಡೆಯಲಾರದೆ, "ಮಸೀ, ಸಾಕು ಬಾರೇ" ಎಂದು ಕೂಗಿದಳು. ಸದ್ದು ನಿಂತಿತು. ಡಬ್ಬಿಯೊಳಗಿನಿಂದ "ಬಂದೆ, ಬಂದೆ" ಎಂದು ಕೇಳಿತು. ಮತ್ತೆ ಸರ್ರ್, ಸರ್ರ್.

ಅಮ್ಮನ ಕೈಯಿಂದ ಲೋಟ ಬಿತ್ತು. ಆ ಹೊತ್ತಿನಲ್ಲಿ ಅವಳ ಮುಖದಲ್ಲಿ ಸಂತೋಷವಿರಲಿಲ್ಲ. ನಾನು ಡಬ್ಬಿ ತಂದು ಅವಳ ಮುಂದಿಟ್ಟು ಮುಚ್ಚಳ ತೆಗೆದೆ. ಒಳಗೆಲ್ಲ ಕಪ್ಪು ಗೆರೆ. ತಳದಲ್ಲಿ, ಸುತ್ತಲಿನ ಅಂಚಿನಲ್ಲಿ, ಮುಚ್ಚಳದ ಒಳಮೈಯಲ್ಲಿ ಅದೇ ಕೋಣೆ, ಒಂದರ ಮೇಲೊಂದು, ಎಷ್ಟು ಸಲವೋ. ಪ್ರತಿ ಸಲವೂ ನಾಲ್ಕು ಗೋಡೆ, ಕಿಟಕಿ, ಮೇಜು, ಮಂಚ. ಉಂಗುರದ ಕಾಲುಗಳ ನಡುವೆ ಎಳ್ಳಿನಷ್ಟು ಕಪ್ಪು ಉಳಿದಿತ್ತು.

ಅಮ್ಮ ಬಹಳ ಹೊತ್ತು ನೋಡಿದಳು. ಎದ್ದು ಹೋಗಿ ಗೋಡೆಯ ಮೇಲಿನದನ್ನೂ ನೋಡಿ ಬಂದಳು.

"ಬಾಗಿಲು ಬರೆದೇ ಇಲ್ಲವಲ್ಲೇ" ಎಂದಳು. "ಎಲ್ಲ ಬರೆದಿದಾಳೆ. ಬಾಗಿಲು ಯಾಕೆ ಬರೆದಿಲ್ಲ?"

"ಬಾಗಿಲು ಅವಳ ಕೈಯಲ್ಲಿ ಇರಲಿಲ್ಲವಲ್ಲ ಅಮ್ಮ."

ಅಮ್ಮ ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು. ಮಗಳು ಸತ್ತ ಮೇಲೆ ಅವಳು ಅತ್ತದ್ದು ಅದೇ ಮೊದಲು. ಅಳು ಇಳಿದ ಮೇಲೆ ಉಂಗುರವನ್ನು ಬೆರಳಿಗೆ ಹಾಕಿಕೊಂಡು ಹಾಸಿಗೆಯ ಮೇಲೆ ಮಂಡಿಯೂರಿದಳು.

"ಬಾಗಿಲು ಹೇಗೆ ಬರೀತಾರೆ, ಹೇಳು."

ಮಸಿ ನನಗೆ ಕಲಿಸಿದ್ದನ್ನೇ ಹೇಳಿಕೊಟ್ಟೆ. ಮೊದಲು ಗೋಡೆಯ ಗೆರೆಯಲ್ಲಿ ಜಾಗ ಬಿಡಬೇಕು. ಅಮ್ಮ ಹೆಬ್ಬೆರಳಿನಿಂದ ಉಜ್ಜಿ ಉಜ್ಜಿ ಗೆರೆಯನ್ನು ಅಳಿಸಿದಳು. ಆಮೇಲೆ ಬಾಗಿಲಿನ ಕದಕ್ಕೆ ಒಂದು ನೇರ ಗೆರೆ. ಕೊನೆಗೆ ಅದು ಯಾವ ಕಡೆ ತೆರೆಯುತ್ತದೆ ಎಂದು ತೋರಿಸಲು ಒಂದು ಕಮಾನು.

"ಒಳಗಾ, ಹೊರಗಾ?" ಎಂದು ಕೇಳಿದಳು.

"ನಿನ್ನಿಷ್ಟ."

ಅಮ್ಮ ಹೊರಕ್ಕೆ ಎಳೆದಳು. ಗೆರೆ ಸೊಟ್ಟಗಾಯಿತು, ಮಸಿ ಇದ್ದಿದ್ದರೆ ಮೂಗು ಮುರಿಯುತ್ತಿದ್ದಳು. ಕಮಾನು ಮುಗಿದಾಗ ಬೆಳ್ಳಿಯ ಕಾಲುಗಳು ಗೋಡೆಗೆ ಕಿರ್ ಎಂದು ತಾಗಿದವು. ನಡುವೆ ಏನೂ ಉಳಿದಿರಲಿಲ್ಲ.

ಹಜಾರದಿಂದ ಗಾಳಿ ಬಂತು, ಕಾಲಿಗೆ ತಣ್ಣಗೆ ತಾಗಿತು. ಹೋಗಿ ನೋಡಿದರೆ ಬೆಳಿಗ್ಗೆ ನಾನೇ ಹಾಕಿದ್ದ ಚಿಲಕ ಸರಿದಿತ್ತು, ಮುಂಬಾಗಿಲು ಹಾರುಹೊಡೆದಿತ್ತು, ಬೀದಿಯಲ್ಲಿ ಬಿಸಿಲು ಬಿಟ್ಟರೆ ಯಾರೂ ಇರಲಿಲ್ಲ. ಕಿರುಗುಟ್ಟಿದ ಸದ್ದು ನಮ್ಮಿಬ್ಬರಿಗೂ ಕೇಳಿಸಿರಲಿಲ್ಲ.

ಅಮ್ಮ ಗೋಡೆ ಹಿಡಿದುಕೊಂಡು ಹೊಸ್ತಿಲವರೆಗೆ ಬಂದಳು. ನಗಲು ನೋಡಿದಳು, ಸರಿಯಾಗಿ ಆಗಲಿಲ್ಲ.

"ಹೋಗಿ ಬಾ" ಎಂದಳು ಬೀದಿಗೆ.

ಉತ್ತರ ಬರಲಿಲ್ಲ. ನಾನು ಬಾಗಿಲು ಹಾಕಿ ಚಿಲಕ ಎಳೆದೆ, ಅದು ಬೆಣ್ಣೆಯ ಹಾಗೆ ಸರಿಯಿತು. ಬೆರಳ ತುದಿ ಬೂದುಬಣ್ಣಕ್ಕೆ ಮಿನುಗಿತು. ಒರೆಸಲು ಬಟ್ಟೆ ಹುಡುಕುತ್ತಿದ್ದೆ, ಅಮ್ಮ ನನ್ನ ಕೈ ಹಿಡಿದಳು.

"ಚಿಲಕ ತೊಳೀಬೇಡ ಕಣೆ" ಎಂದಳು. "ಹಾಗೇ ಇರಲಿ."